ರಥ ಯಾವುದು, ಋಣ ಯಾರದು

ಒಂದು ವಸ್ತುವಿನ ಅಂಗಗಳು ಒಂದೊಂದಾಗಿ ಬದಲಾಗುತ್ತ ಬಂದಾಗ ಅದು ಯಾವ ಗಳಿಗೆಯವರೆಗೆ ಅದೇ ವಸ್ತುವಾಗಿ ಉಳಿದಿರುತ್ತದೆ, ಯಾವ ಗಳಿಗೆಯಿಂದೀಚೆಗೆ ಅದನ್ನು ಬೇರೊಂದು ವಸ್ತುವೆಂದು ಎಣಿಸತಕ್ಕದ್ದು ಎಂಬ ಪ್ರಶ್ನೆ ನಮ್ಮ ದೇಶದ ದಾರ್ಶನಿಕರಿಗೆ ಬಹು ಪುರಾತನವಾದದ್ದು. ಅವರು ಇದನ್ನು ಬುದ್ಧಿಯ ವ್ಯಾಯಾಮಕ್ಕಾಗಿ ಮಾತ್ರ ಎತ್ತಿಕೊಂಡವರಲ್ಲ. ನಿನ್ನೆ ಪಾಪವನ್ನು ಮಾಡಿದವನೂ ಇಂದು ಪಶ್ಚಾತ್ತಾಪದಲ್ಲಿ ಬೇಯುತ್ತಿರುವವನೂ ಒಬ್ಬನೇ ಹೌದೆ, ಈ ಜನ್ಮದಲ್ಲಿ ಬಿತ್ತಿದ್ದನ್ನು ಮುಂದಿನ ಜನ್ಮದಲ್ಲಿ ಉಣ್ಣುವವನು ಯಾರು, ದೀಕ್ಷೆಯನ್ನು ಹೊಂದಿ ಹೆಸರನ್ನೂ ಉಡುಗೆಯನ್ನೂ ನಡೆಯನ್ನೂ ಬದಲಿಸಿಕೊಂಡವನ ಹಿಂದಿನ ಕೃತ್ಯಗಳಿಗೆ ಹೊಣೆಗಾರನಾರು ಎಂಬ ಧರ್ಮದ ಗುರುತರವಾದ ಪ್ರಶ್ನೆಗಳೆಲ್ಲ ಆ ಒಂದು ಪ್ರಶ್ನೆಯ ಉತ್ತರವನ್ನೇ ಕಾದು ನಿಂತಿರುವುದರಿಂದ, ಅದನ್ನು ಬಿಡಿಸದೆ ಕರ್ಮವನ್ನಾಗಲಿ ಮೋಕ್ಷವನ್ನಾಗಲಿ ಕುರಿತು ಮಾತನಾಡುವುದು ಅವರಿಗೆ ಸಾಧ್ಯವಿರಲಿಲ್ಲ.

ಈ ವಿಚಾರಕ್ಕೆ ಪ್ರಾಚೀನರು ಆರಿಸಿಕೊಂಡ ದೃಷ್ಟಾಂತ ರಥ. ರಥಗಳು ಬೀದಿಯಿಂದ ಮರೆಯಾಗಿ ಉತ್ಸವಕ್ಕೆ ಮಾತ್ರ ಮೀಸಲಾಗಿರುವ ನಮ್ಮ ಕಾಲದಲ್ಲಿ ಅದೇ ವಿಚಾರವನ್ನು ಕಣ್ಣೆದುರಿಗೆ ತರತಕ್ಕ ವಾಹನವೊಂದಿದೆ. ಅದು ಗಾಲ್ಫ್ ಕಾರ್ಟ್ ಎಂಬ ಹೆಸರಿನ ಪುಟ್ಟ ವಿದ್ಯುತ್ ಗಾಡಿ. ಆಟದ ಮೈದಾನದಲ್ಲಿ ಹುಟ್ಟಿದ ಈ ಗಾಡಿ ಇಂದು ತನ್ನ ಜನ್ಮಸ್ಥಾನವನ್ನು ಬಿಟ್ಟು ಬಹು ದೂರ ಬಂದಿದೆ. ಮೈಸೂರಿನ ಮೃಗಾಲಯದಲ್ಲಿ, ಬೆಂಗಳೂರಿನ ಲಾಲ್‌ಬಾಗಿನಲ್ಲಿ, ದೊಡ್ಡ ರೈಲು ನಿಲ್ದಾಣಗಳ ಪ್ಲಾಟ್‌ಫಾರಮ್ಮಿನಲ್ಲಿ, ನಡೆಯಲಾರದ ವೃದ್ಧರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೊಗೆಯಿಲ್ಲದೆ ಸದ್ದಿಲ್ಲದೆ ಓಡಾಡುವ ಬ್ಯಾಟರಿ ಗಾಡಿಗಳು ಇದೇ ಕುಲಕ್ಕೆ ಸೇರಿದವು. ಹಂಪೆಯಲ್ಲಂತೂ ಇಂಥ ಗಾಡಿ ಪ್ರವಾಸಿಗರನ್ನು ಒಂದು ಕಿಲೋಮೀಟರಿನಷ್ಟು ದೂರ ಒಯ್ದು ವಿಜಯವಿಠ್ಠಲ ದೇವಾಲಯದ ಬಳಿ ಇಳಿಸುತ್ತದೆ. ಒಳಗೆ ಕಾಲಿಟ್ಟವನಿಗೆ ಎದುರಾಗುವುದು ಕಲ್ಲಿನ ರಥ.

ಈ ಗಾಡಿಗಳ ಹಳೆಯ ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಬ್ಯಾಟರಿಯನ್ನು ಕೂರಿಸುವ ಪದ್ಧತಿ ಈಚೆಗೆ ಎಲ್ಲೆಡೆಯೂ ಹಬ್ಬುತ್ತಿದೆ. ಹಳೆಯ ಕ್ರಮದ ಗಾಡಿಯ ಆಸನವನ್ನು ಎತ್ತಿ ನೋಡಿದರೆ, ಕೆಳಗಿನ ತೊಟ್ಟಿಯಲ್ಲಿ ಎಂಟೆಂಟು ವೋಲ್ಟಿನ ಆರು ಬ್ಯಾಟರಿಗಳು ಒತ್ತೊತ್ತಾಗಿ ಕುಳಿತಿರುವುದೂ, ಒಂದರ ಟರ್ಮಿನಲ್ಲಿನಿಂದ ಮತ್ತೊಂದರದಕ್ಕೆ ಹೆಬ್ಬೆರಳು ಗಾತ್ರದ ಕೇಬಲ್ಲುಗಳು ಹಾದು ಒಟ್ಟಿನಲ್ಲಿ 48 ವೋಲ್ಟು ಸಿದ್ಧವಾಗಿರುವುದೂ ಕಾಣುತ್ತದೆ. ಟರ್ಮಿನಲ್ಲುಗಳ ಮೇಲೆ ಬಿಳುಪು ಹಸುರು ಕಲೆತ ಹುಡಿ ಕೂತಿರುತ್ತದೆ. ಆ್ಯಸಿಡ್ಡಿನ ಹನಿ ಬಿದ್ದಲ್ಲೆಲ್ಲ ತೊಟ್ಟಿಯ ಕಬ್ಬಿಣ ತುಕ್ಕು ತಿಂದು ಪದರುಪದರಾಗಿ ಎದ್ದಿರುತ್ತದೆ. ಚಾರ್ಜಿಗೆ ಹಾಕಿದ ಕೋಣೆಯಲ್ಲಿ ಮೂಗನ್ನು ಕುಟುಕುವ ಹುಳಿವಾಸನೆಯೊಂದು ನಿಂತಿರುತ್ತದೆ. ಗಾಡಿಯನ್ನು ನೋಡಿಕೊಳ್ಳುವವನು ಆಗಾಗ 24 ಬಿರಡೆಗಳನ್ನು ತೆರೆದು, ಹೈಡ್ರೋಮೀಟರಿನಿಂದ ಆ್ಯಸಿಡ್ಡಿನ ಸಾಂದ್ರತೆಯನ್ನು ನೋಡಿ, ಬತ್ತಿದ ಕೋಶಕ್ಕೆ ಡಿಸ್ಟಿಲ್ಡ್ ವಾಟರನ್ನು ಎರೆಯಬೇಕು. ಈ ಆರು ಬ್ಯಾಟರಿಗಳ ತೂಕ ಹತ್ತಿರಹತ್ತಿರ 170 ಕಿಲೋಗ್ರಾಂ. ಇವನ್ನೆಲ್ಲ ಹೊರಗೆತ್ತಿ, ತೊಟ್ಟಿಯನ್ನು ಸೋಡದ ನೀರಿನಲ್ಲಿ ತೊಳೆದು ಬಣ್ಣ ಬಳಿದು, ಆ ಸ್ಥಳದಲ್ಲಿ 3.2 ವೋಲ್ಟಿನ 16 ಕೋಶಗಳನ್ನು ಒಳಗೊಂಡ, 45 ಕಿಲೋಗ್ರಾಂ ಆಸುಪಾಸಿನ ಒಂದೇ ಪೆಟ್ಟಿಗೆಯನ್ನು ಇಟ್ಟು ಬೋಲ್ಟು ಬಿಗಿಯುವರು. ಗಾಡಿಯ ಬಣ್ಣ, ಚಕ್ರ, ಚಾವಣಿ, ಆಸನ ಯಾವುದೂ ಬದಲಾಗಿರುವುದಿಲ್ಲ. ಆದರೆ ಅದನ್ನು ಓಡಿಸತಕ್ಕ ಚೈತನ್ಯವೇ ಬೇರೆಯಾಗಿರುತ್ತದೆ. ಈಗ ಎದುರಿಗಿರುವುದು ಹಳೆಯ ಗಾಡಿಯೋ ಹೊಸದೋ?

ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಯವನರಾಜನಾದ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವು ಸುಪ್ರಸಿದ್ಧವಾದದ್ದು. ರಥವನ್ನೇರಿ ಬಂದ ರಾಜನನ್ನು ಕುರಿತು ನಾಗಸೇನನು, ಮೂಕಿ ರಥವೆ, ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ, ಲಗಾಮು ರಥವೆ ಎಂದು ಒಂದೊಂದನ್ನೇ ಎತ್ತಿ ಕೇಳಿ, ಯಾವುದೂ ಅಲ್ಲವೆಂದು ರಾಜನ ಬಾಯಿಂದಲೇ ಹೊರಡಿಸಿ, ಈ ಅಂಗಗಳ ಸಮೂಹವನ್ನು ಆಶ್ರಯಿಸಿ ನಿಂತ ವ್ಯವಹಾರದ ಹೆಸರು ಮಾತ್ರವೇ ರಥ, ಹಾಗೆಯೇ ದೇಹ ವೇದನೆ ಮೊದಲಾದ ಸ್ಕಂಧಗಳನ್ನು ಆಶ್ರಯಿಸಿದ ಹೆಸರು ಮಾತ್ರವೇ ನಾಗಸೇನ ಎಂಬ ಸಿದ್ಧಾಂತವನ್ನು ಸ್ಥಾಪಿಸುತ್ತಾನೆ. ನೈಯಾಯಿಕರು ಮತ್ತು ವೈಶೇಷಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿಯೆಂಬುದು ನಿಜವಾಗಿಯೂ ಇದೆ, ಆದರೆ ಒಂದು ಅವಯವ ಹೋಯಿತೆಂದರೆ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟಿತೆಂದೇ ತಿಳಿಯಬೇಕು ಎಂಬುದು ಅವರ ಕಟ್ಟುನಿಟ್ಟಾದ ಮತ. ಆ ಲೆಕ್ಕದಲ್ಲಿ ಬ್ಯಾಟರಿ ಬದಲಾದ ಗಾಡಿ ನಿಸ್ಸಂದೇಹವಾಗಿ ಹೊಸ ಗಾಡಿ. ಹಾಗೆ ನೋಡಿದರೆ ಟೈರು ಬದಲಾದ ದಿನವೂ ಅದು ಹೊಸದೇ ಆಗಿತ್ತು.

ಇವೆರಡರ ನಡುವೆ ಜೈನರು ಮತ್ತೊಂದು ದಾರಿಯನ್ನು ತೋರಿದರು. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಕೂಡಿದ್ದೇ ಸತ್ತೆಂಬ ಅವರ ಸಿದ್ಧಾಂತಕ್ಕೆ ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಕೊಟ್ಟಿರುವ ದೃಷ್ಟಾಂತವು ಸರಳವೂ ಗಂಭೀರವೂ ಆಗಿದೆ: ಚಿನ್ನದ ಕೊಡವನ್ನು ಕರಗಿಸಿ ಮುಕುಟವನ್ನು ಮಾಡಿದಾಗ ಕೊಡವನ್ನು ಬಯಸಿದವನು ಶೋಕಿಸುತ್ತಾನೆ, ಮುಕುಟವನ್ನು ಬಯಸಿದವನು ಹಿಗ್ಗುತ್ತಾನೆ, ಚಿನ್ನವನ್ನು ಬಯಸಿದವನು ಸಮಚಿತ್ತನಾಗಿರುತ್ತಾನೆ. ಒಂದೇ ಘಟನೆಯಲ್ಲಿ ಹುಟ್ಟು, ಅಳಿವು, ಇರವು ಮೂರನ್ನೂ ಕಾಣಿಸಿದ ಈ ಮಾತಿನ ಹಿರಿಮೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಚಿನ್ನದ ವಿಷಯದಲ್ಲಿ ಉಳಿಯುವ ಧಾತು ಯಾವುದೆಂಬುದು ಸ್ಪಷ್ಟವಾಗಿರುವಂತೆ ಗಾಡಿಯ ವಿಷಯದಲ್ಲಿ ಸ್ಪಷ್ಟವಾಗಿಲ್ಲ. ಇಲ್ಲಿ ಸೀಸ ಹೋಗಿ ಲಿಥಿಯಂ ಬಂದಿದೆ, ಧಾತುವೇ ಬೇರೆ. ಹಾಗಿದ್ದರೆ ಉಳಿದದ್ದು ಯಾವುದು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಗಸೇನನು ಎಣಿಸಿದ ಅಂಗಗಳ ಪಟ್ಟಿಯಲ್ಲಿ ನೊಗವಿದೆ, ಲಗಾಮಿದೆ, ಚಾವಟಿ ಕೂಡ ಇದೆ. ಕುದುರೆ ಮಾತ್ರ ಇಲ್ಲ. ಕಠೋಪನಿಷತ್ತಿನ ರಥಕಲ್ಪನೆಯಲ್ಲಾದರೂ ಶರೀರವೇ ರಥ, ಆತ್ಮನೇ ರಥಿ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು ಎಂದಾದ ಮೇಲೆ, ಇಂದ್ರಿಯಗಳೆಂಬ ಕುದುರೆಗಳು ರಥದಿಂದ ಬೇರೆಯಾಗಿಯೇ ಎಣಿಕೆಗೆ ಬರುತ್ತವೆ. ಪ್ರಾಚೀನರ ರಥಕ್ಕೆ ಎಳೆಯುವ ಶಕ್ತಿ ಹೊರಗಿತ್ತು. ಬಳಲಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆಗಳನ್ನು ಹೂಡಿದ ಮಾತ್ರಕ್ಕೆ ರಥ ಬೇರೆಯಾಯಿತೆಂದು ಯಾರೂ ಶಂಕಿಸಲಿಲ್ಲ. ನಮ್ಮ ಗಾಡಿಯಲ್ಲಿ ಕುದುರೆ ಆಸನದ ಕೆಳಗೇ ಇದೆ. ಎಳೆಯುವುದೂ ಎಳೆಯಿಸಿಕೊಳ್ಳುವುದೂ ಒಂದೇ ಚೌಕಟ್ಟಿನೊಳಗೆ ಸೇರಿಹೋಗಿವೆ. ಪುರಾತನವಾದ ಪ್ರಶ್ನೆ ಇಲ್ಲಿ ಮೊದಲಿಗಿಂತ ತೀಕ್ಷ್ಣವಾಗುವುದು ಇದೇ ಕಾರಣದಿಂದ. ಬದಲಾದದ್ದು ವಾಹನದ ಅಂಗವೋ ಅದರ ಅಶ್ವವೋ ಎಂಬುದನ್ನು ಬೇರ್ಪಡಿಸಿ ಹೇಳುವುದೇ ಕಷ್ಟ.

ಹಂಪೆಯ ಕಲ್ಲಿನ ರಥವು ಈ ವಿಚಾರಕ್ಕೆ ಅಪೂರ್ವವಾದ ಸಾಕ್ಷ್ಯವನ್ನು ಒದಗಿಸುತ್ತದೆ. ರಥದ ಆಕಾರವನ್ನು ತಳೆದ ಗರುಡನ ಗುಡಿ ಅದು. ಅದರ ಮುಂದೆ ಈಗ ಎರಡು ಆನೆಗಳು ನಿಂತಿವೆ. ಆದರೆ ಸಮೀಪಕ್ಕೆ ಹೋಗಿ ನೋಡಿದವರಿಗೆ, ಆ ಆನೆಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲುಗಳೂ ಬಾಲಗಳೂ ಕಲ್ಲಿನಲ್ಲಿ ಇನ್ನೂ ಉಳಿದಿರುವುದು ಕಾಣಿಸುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಹೀಗೆ ವಾಹಕಗಳು ಬದಲಾಗಿ, ಶಿಖರವು ಅಳಿದು ಹೋದ ಮೇಲೂ ಅದು ಅದೇ ರಥವೆಂದು ನಾವು ಕೈಮುಗಿಯುತ್ತೇವೆ. 2017ರಿಂದ 50 ರೂಪಾಯಿಯ ನೋಟಿನ ಮೇಲೆ ಅಚ್ಚಾಗಿ ಅದು ದೇಶದ ಕೈಯಿಂದ ಕೈಗೆ ಸಾಗುತ್ತಿದೆ. ಅದನ್ನು ಅದೇ ಎನ್ನುವುದಕ್ಕೆ ಆಧಾರ ಅದರ ಪ್ರತಿಯೊಂದು ಅಂಗದ ಸ್ಥಿರತೆಯಲ್ಲಿ ಇಲ್ಲವೆಂಬುದು ಇಷ್ಟರಿಂದಲೇ ಸಿದ್ಧವಾಗುತ್ತದೆ.

ಬದಲಾವಣೆಯು ಆಸನವನ್ನು ಎತ್ತಿದ ದಿನ ಪ್ರಾರಂಭವಾಯಿತೆಂದು ತಿಳಿಯುವುದೂ ಸರಿಯಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸದ ಬ್ಯಾಟರಿಯಲ್ಲಿ ಒಂದು ಫಲಕ ಸೀಸ, ಮತ್ತೊಂದು ಸೀಸದ ಆಕ್ಸೈಡು, ನಡುವೆ ಗಂಧಕಾಮ್ಲ. ಗಾಡಿ ಓಡಿದಂತೆಲ್ಲ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಪರಿಣಮಿಸುತ್ತವೆ. ರಾತ್ರಿ ಚಾರ್ಜು ಕೊಟ್ಟಾಗ ಮರಳಿ ತಮ್ಮ ಪೂರ್ವರೂಪವನ್ನು ತಾಳುತ್ತವೆ. ಪ್ರತಿಯೊಂದು ಹಗಲಿನಲ್ಲಿಯೂ ಫಲಕದ ಪದಾರ್ಥವೇ ಬೇರೊಂದಾಗಿ, ಪ್ರತಿಯೊಂದು ರಾತ್ರಿಯಲ್ಲಿಯೂ ಹಿಂದಿರುಗುವಾಗ ಸ್ವಲ್ಪ ಸ್ವಲ್ಪ ಉದುರಿ ತಳ ಸೇರುತ್ತ, ಸ್ವಲ್ಪ ಸ್ವಲ್ಪ ಗಡುಸಾದ ಹರಳಾಗಿ ನಿಲ್ಲುತ್ತ, ಅದು ಮುಪ್ಪಾಗುತ್ತದೆ. ಹೊಸ ಪೆಟ್ಟಿಗೆಯ ಕೋಶಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟಿನ ನಡೆ ಬೇರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ ಎಂಬ ವಿಜ್ಞಾನಿಗಳು 1997ರಲ್ಲಿ ಲೋಕಕ್ಕೆ ತಿಳಿಸಿದ ಈ ಪದಾರ್ಥದಲ್ಲಿ ಹರಳಿನ ಕಟ್ಟಡ ಬಹುಮಟ್ಟಿಗೆ ಹಾಗೆಯೇ ನಿಂತಿರುತ್ತದೆ. ಲಿಥಿಯಮ್ಮಿನ ಅಯಾನುಗಳು ಅತಿಥಿಗಳಂತೆ ಅದರೊಳಕ್ಕೆ ಬಂದು ತಂಗಿ, ಮತ್ತೆ ಹೊರಟು ಗ್ರಾಫೈಟಿನ ಪದರಗಳಲ್ಲಿ ಇಳಿದುಕೊಳ್ಳುತ್ತವೆ. ಈ ಮೂವರಲ್ಲಿ ಹಿರಿಯರಾದ ಜಾನ್ ಗುಡ್‌ಎನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಸಂಶೋಧನೆಗಾಗಿ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕ ಸಂದಿತು. ಅಂತೂ ಮನೆಯ ಗೋಡೆಯೇ ಕರಗಿ ಮರಳಿ ಕಟ್ಟಲ್ಪಡುವ ಒಂದು ಬಗೆಯೂ, ಗೋಡೆ ನಿಂತು ನಿವಾಸಿಗಳು ಮಾತ್ರ ಬಂದು ಹೋಗುವ ಮತ್ತೊಂದು ಬಗೆಯೂ ಒಂದೇ ತೊಟ್ಟಿಯಲ್ಲಿ ಒಂದರ ತರುವಾಯ ಒಂದು ಬಂದು ಕೂತರೂ, ಗಾಡಿ ಎರಡರಿಂದಲೂ ಓಡುತ್ತದೆ. ಪರಿಣಾಮ ಎರಡರಲ್ಲಿಯೂ ಇದೆ. ಅದರ ರೀತಿ ಮಾತ್ರ ಬೇರೆ.

ಇಷ್ಟು ಹೇಳಿದ ಮೇಲೆ, ನಾಗಸೇನನ ವಿಶ್ಲೇಷಣೆಯಲ್ಲಿ ನನಗೆ ಕೊರತೆಯಾಗಿ ತೋರುವುದನ್ನು ಹೇಳಬೇಕು. ಅಂಗಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸಿದವನು ಅವು ಒಂದಕ್ಕೊಂದು ತೆತ್ತುಕೊಂಡಿರುವ ಕಟ್ಟುಪಾಡನ್ನು ತೋರಿಸಲಿಲ್ಲ. ಬ್ಯಾಟರಿಯನ್ನು ಬದಲಿಸಿದವನಿಗೆ ಆ ಕಟ್ಟುಪಾಡು ಮೊದಲ ದಿನವೇ ಅನುಭವಕ್ಕೆ ಬರುತ್ತದೆ. ಹಳೆಯ ಚಾರ್ಜರು ಹೊಸ ಬ್ಯಾಟರಿಗೆ ಸಲ್ಲದು. ಸೀಸದ ಫಲಕದ ಗಡುಸನ್ನು ಕರಗಿಸುವುದಕ್ಕಾಗಿ ಅದು ಕೊನೆಯಲ್ಲಿ ಏರಿಸುವ ಅಧಿಕವಾದ ವೋಲ್ಟೇಜು ಒಂದಕ್ಕೆ ಚಿಕಿತ್ಸೆಯಾಗಿದ್ದರೆ ಮತ್ತೊಂದಕ್ಕೆ ಅಪಾಯ. ಹಳೆಯ ಮೀಟರೂ ಸಲ್ಲದು. ಸೀಸದ ಬ್ಯಾಟರಿಯ ವೋಲ್ಟೇಜು ಬಳಕೆಯೊಂದಿಗೆ ಕ್ರಮೇಣ ಇಳಿಯುವುದರಿಂದ ಅದನ್ನು ನೋಡಿ ಉಳಿಕೆಯನ್ನು ಊಹಿಸಬಹುದಾಗಿತ್ತು, ಆದರೆ ಲಿಥಿಯಂ ಬ್ಯಾಟರಿಯ ವೋಲ್ಟೇಜು ಕಡೆಯವರೆಗೂ ಹೆಚ್ಚು ಕಡಮೆ ಸಮನಾಗಿಯೇ ನಿಲ್ಲುವುದರಿಂದ, ಅದೇ ಮುಳ್ಳು ತುಂಬಿದೆ ತುಂಬಿದೆ ಎನ್ನುತ್ತಿರುವಾಗಲೇ ಗಾಡಿ ನಡುದಾರಿಯಲ್ಲಿ ನಿಂತೀತು. ಹೋದ ವಿದ್ಯುತ್ತನ್ನೂ ಬಂದ ವಿದ್ಯುತ್ತನ್ನೂ ಎಣಿಸುವ ಬೇರೆ ಮೀಟರನ್ನೇ ಹಾಕಿಸಬೇಕು. ಏರನ್ನು ಹತ್ತುವಾಗ ಮೋಟಾರು ಬೇಡುವ ಕರೆಂಟನ್ನು ಬ್ಯಾಟರಿಯ ಕಾವಲು ಮಂಡಲವಾದ ಬಿ.ಎಂ.ಎಸ್. ಕೊಡಲು ಸಮರ್ಥವಾಗಿರಬೇಕು, ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನಂತೆ ತಡೆದು ವಿದ್ಯುತ್ತನ್ನು ಹಿಂದಕ್ಕೆ ಕಳುಹಿಸುವ ಗಾಡಿಯಾದರೆ, ತುಂಬಿ ನಿಂತ ಬ್ಯಾಟರಿ ಅದನ್ನು ನಿರಾಕರಿಸಿದಾಗ ಆ ತಡೆ ತಪ್ಪೀತೆಂಬುದನ್ನೂ ಮೊದಲೇ ಯೋಚಿಸಿರಬೇಕು. ಒಂದು ಅಂಗ ಬದಲಾದಾಗ ಉಳಿದ ಅಂಗಗಳೆಲ್ಲ ತಮ್ಮ ತಮ್ಮ ಹೊಣೆಯನ್ನು ಹೊಸದಾಗಿ ಹೊತ್ತುಕೊಳ್ಳಬೇಕಾಗಿ ಬರುತ್ತದೆ. ಪರಸ್ಪರವಾದ ಈ ಹೊಣೆಯಲ್ಲಿಯೇ ವಸ್ತುವಿನ ಏಕತ್ವವಿದೆ ಎಂಬುದು ನನ್ನ ನಂಬಿಕೆ. ಹೊಣೆ ಹೊರುವ ಅಂಗಗಳಿರುವವರೆಗೆ ರಥವಿದೆ. ಅದು ತಪ್ಪಿದರೆ ಎಲ್ಲ ಅಂಗಗಳೂ ಇದ್ದು ರಥವಿಲ್ಲ.

ಮನುಷ್ಯನ ಆಂತರಿಕ ಪರಿವರ್ತನೆಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಗುರುವಿನ ಅನುಗ್ರಹದಿಂದಲೋ ದುಃಖದ ಪೆಟ್ಟಿನಿಂದಲೋ ಅಂತರಂಗದಲ್ಲಿ ಹೊಸ ಚೈತನ್ಯವನ್ನು ಪಡೆದವನು, ಅದಕ್ಕೆ ಉಣಿಸುವ ಆಹಾರವನ್ನೂ ಅದನ್ನು ಅಳೆಯುವ ಮಾನವನ್ನೂ ಹಿಂದಿನಂತೆಯೇ ಇಟ್ಟುಕೊಂಡರೆ, ಆ ಚೈತನ್ಯವು ಬಹುಕಾಲ ನಿಲ್ಲಲಾರದು. ಧನದಿಂದಲೂ ಕೀರ್ತಿಯಿಂದಲೂ ತನ್ನನ್ನು ಅಳೆದುಕೊಳ್ಳುತ್ತಿದ್ದವನು ದೀಕ್ಷೆಯ ನಂತರ ಅದೇ ಮುಳ್ಳನ್ನು ನೋಡಿ ತನ್ನ ಭಕ್ತಿಯನ್ನು ಅಳೆಯಹೊರಟರೆ, ಒಳಗೆ ಬರಿದಾಗುತ್ತಿರುವುದು ಅವನಿಗೆ ತಿಳಿಯುವುದೇ ಇಲ್ಲ. ವ್ರತ, ನಿಯಮ, ಸತ್ಸಂಗ, ಆಹಾರಶುದ್ಧಿ ಎಂಬವನ್ನೆಲ್ಲ ನಮ್ಮ ಸಂಪ್ರದಾಯಗಳು ದೀಕ್ಷೆಯೊಡನೆ ಬಿಡದೆ ಜೋಡಿಸಿರುವುದು ಬಹಿರಂಗದ ಆಡಂಬರಕ್ಕಾಗಿ ಎಂದು ಕೆಲವರು ತಿಳಿದಿದ್ದಾರೆ. ಅಂತರಂಗವು ಬದಲಾದಾಗ ಬಹಿರಂಗವೆಲ್ಲವೂ ಅದಕ್ಕೆ ಒಗ್ಗಬೇಕೆಂಬ ಅನುಭವಜ್ಞಾನ ಅದರ ಹಿಂದಿದೆ.

ಇನ್ನು ಹಳೆಯ ಕೃತ್ಯಗಳ ಮಾತು. ಗಾಡಿಯಿಂದ ಹೊರಬಂದ 170 ಕಿಲೋಗ್ರಾಂ ಭಾರವು ತೊಟ್ಟಿಯಿಂದ ಇಳಿಯಿತೇ ಹೊರತು ಲೋಕದಿಂದ ಇಳಿಯಲಿಲ್ಲ. ಅದರೊಳಗಿನ ಸೀಸವನ್ನು ಬಹುಪಾಲು ಮತ್ತೆ ಬಳಕೆಗೆ ತರಬಹುದು; ಆದರೆ ನಾಲ್ಕು ಕಾಸು ಹೆಚ್ಚು ಬಂದೀತೆಂದು ಯಾವುದೋ ಗುಜರಿಗೆ ಹಾಕಿದರೆ, ಎಲ್ಲಿಯದೋ ಹಿತ್ತಿಲಿನ ಕುಲುಮೆಯಲ್ಲಿ ಅದನ್ನು ಕಾಯಿಸಿ ಕರಗಿಸುವಾಗ ಎದ್ದ ಹೊಗೆಯೂ, ಮೋರಿಗೆ ಚೆಲ್ಲಿದ ಆ್ಯಸಿಡ್ಡೂ ಆ ಕೇರಿಯ ಮಣ್ಣನ್ನು ಸೇರಿ, ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತವನ್ನು ಸೇರಿ, ಅವರ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ನಮ್ಮ ದೇಶದಲ್ಲಿ 2001ರಲ್ಲಿಯೇ ಹಳೆಯ ಸೀಸದ ಬ್ಯಾಟರಿಗಳ ನಿರ್ವಹಣೆಗೆ ನಿಯಮಗಳಾದವು. 2022ರ ನಿಯಮಗಳು ಲಿಥಿಯಂ ಮೊದಲಾದ ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ತಯಾರಿಸಿದವರ ಮೇಲೆ ಹಿಂದಕ್ಕೆ ಪಡೆಯುವ ಹೊಣೆಯನ್ನು ಹೊರಿಸಿವೆ. ನಿಯಮವಿದೆ, ಆದರೆ ಅದನ್ನು ಜೀವಂತವಾಗಿಸತಕ್ಕದ್ದು ಗಾಡಿಯ ಒಡೆಯನ ಅಂತಃಕರಣ.

ಆತ್ಮವೆಂಬುದನ್ನೇ ಒಪ್ಪದ ಬೌದ್ಧರು ಈ ಹೊಣೆಯ ವಿಷಯದಲ್ಲಿ ತಾಳಿದ ನಿಲುವು ಅತ್ಯಂತ ಬೋಧಪ್ರದವಾಗಿದೆ. ಮಾವಿನ ಹಣ್ಣನ್ನು ಕದ್ದವನು, ತೋಟಗಾರ ನೆಟ್ಟದ್ದು ಬೇರೆ ಹಣ್ಣು, ನಾನು ಕಿತ್ತದ್ದು ಬೇರೆ ಹಣ್ಣು ಎಂದು ವಾದಿಸಿದರೆ ಅವನು ದಂಡನೆಯಿಂದ ತಪ್ಪಿಸಿಕೊಳ್ಳಬಲ್ಲನೆ ಎಂದು ನಾಗಸೇನನು ಕೇಳುತ್ತಾನೆ. ಇದು ಅದರಿಂದ ಹುಟ್ಟಿದ್ದಾದಕಾರಣ ತಪ್ಪಿಸಿಕೊಳ್ಳಲಾರನೆಂದು ರಾಜನು ಒಪ್ಪುತ್ತಾನೆ. ಭಿಕ್ಷುಸಂಘವನ್ನು ಸೇರಬಂದವನನ್ನು ಉಪಸಂಪದೆಯ ಸಮಯದಲ್ಲಿ ಕೇಳುವ ಪ್ರಶ್ನೆಗಳಲ್ಲಿ, ನೀನು ಸಾಲದಿಂದ ಮುಕ್ತನೋ ಎಂಬುದೂ ಒಂದು. ನಾನೆಂಬುದು ಇಲ್ಲವೆಂದು ಬೋಧಿಸುವ ಸಂಘವೇ, ನಿನ್ನ ಸಾಲ ತೀರಿತೇ ಎಂದು ಮೊದಲು ವಿಚಾರಿಸುತ್ತದೆ. ಕ್ರೂರನಾದ ಅಂಗುಲಿಮಾಲನು ಬುದ್ಧನಿಗೆ ಶರಣಾಗಿ ಭಿಕ್ಷುವಾದ ಮೇಲೆ, ಭಿಕ್ಷೆಗೆ ಹೋದಲ್ಲಿ ಕಲ್ಲಿನೇಟು ತಿಂದು ತಲೆಯೊಡೆದು ರಕ್ತವನ್ನು ಸುರಿಸುತ್ತ ಹಿಂದಿರುಗಿದಾಗ, ಬುದ್ಧನು ಅವನಿಗೆ, ನೀನೀಗ ಆ ಅಂಗುಲಿಮಾಲನಲ್ಲವೆಂದು ಸಮಾಧಾನ ಹೇಳಲಿಲ್ಲ. ಹಿಂದಿನ ಕರ್ಮದ ಫಲವಿದು, ಸಹಿಸೆಂದನು. ಇತ್ತ ಮನುಸ್ಮೃತಿಯೂ ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸಿದ ಬಳಿಕವೇ ಮನಸ್ಸನ್ನು ಮೋಕ್ಷದಲ್ಲಿ ನೆಲೆಗೊಳಿಸಬೇಕೆಂದು ವಿಧಿಸುತ್ತದೆ. ಆತ್ಮವಾದಿಗಳೂ ಅನಾತ್ಮವಾದಿಗಳೂ ತತ್ತ್ವದಲ್ಲಿ ಎಷ್ಟೇ ದೂರವಿದ್ದರೂ ಋಣದ ಬಳಿ ಬಂದು ಸೇರುತ್ತಾರೆ.

ಹೊಸ ಚೈತನ್ಯಕ್ಕೂ ಹೊಸ ಋಣವಿದೆ. ಲಿಥಿಯಮ್ಮಿನ ಒಂದು ದೊಡ್ಡ ಪಾಲು ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯಲ್ಲಿ, ನೆಲದೊಳಗಿನ ಉಪ್ಪುನೀರನ್ನು ಮೇಲಕ್ಕೆತ್ತಿ ವಿಶಾಲವಾದ ಕೊಳಗಳಲ್ಲಿ ಬಿಸಿಲಿಗೆ ಇಂಗಿಸುವುದರಿಂದ ದೊರೆಯುತ್ತದೆ. ನೀರೇ ದುರ್ಲಭವಾದ ಆ ನೆಲದ ಮೂಲನಿವಾಸಿಗಳು ಅದರ ಪರಿಣಾಮವನ್ನು ಕುರಿತು ಆತಂಕವನ್ನು ಹೇಳುತ್ತ ಬಂದಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿಯೂ ಲಿಥಿಯಮ್ಮಿನ ನಿಕ್ಷೇಪವನ್ನು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿರುವುದರಿಂದ, ಈ ಋಣದ ಪ್ರಶ್ನೆ ದೂರದೇಶದವರದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹೊಗೆಯಿಲ್ಲದ, ಹುಳಿವಾಸನೆಯಿಲ್ಲದ ಗಾಡಿಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಶುಚಿಯಾಗಿರುವುದು ನಮ್ಮ ತೊಟ್ಟಿಯಷ್ಟೆಯೋ ಅಥವಾ ನಮ್ಮ ವ್ಯವಹಾರವೆಲ್ಲವೋ ಎಂದು ವಿಚಾರಿಸದೆ ಇರುವ ಸ್ವಾಗತವು ಧರ್ಮವೆನಿಸಲಾರದು.

ಹಾಗಾದರೆ ಬ್ಯಾಟರಿ ಬದಲಾದ ಗಾಡಿ ಅದೇ ಗಾಡಿಯೆ? ಅದರ ಅಂಗಗಳು ಹೊಸ ಅಂಗಕ್ಕೆ ಹೊಣೆಯಾಗಿ ಒಗ್ಗಿದ್ದರೆ, ಅದರ ಒಡೆಯನು ಹೊರಬಂದ ಹಳೆಯ ಅಂಗಕ್ಕೂ ಒಳಬಂದ ಹೊಸ ಅಂಗಕ್ಕೂ ಹೊಣೆಯಾಗಿ ನಿಂತಿದ್ದರೆ, ಅದು ಅದೇ ಗಾಡಿಯೆನ್ನುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಮನುಷ್ಯನ ವಿಷಯದಲ್ಲಿಯೂ ಹಾಗೆಯೇ. ಬಾಲ್ಯದ ದೇಹ ಹೋಗುತ್ತದೆ, ಯೌವನದ ಅಭಿಪ್ರಾಯಗಳು ಹೋಗುತ್ತವೆ, ಒಮ್ಮೊಮ್ಮೆ ಹುಟ್ಟಿನ ಮತವೂ ಹೋಗುತ್ತದೆ. ಇವು ಹೋದವೆಂದು ನಾವು ಇನ್ನೊಬ್ಬರಾಗುವುದಿಲ್ಲ. ಹಿಂದಿನ ಸಾಲವನ್ನು ನನ್ನದಲ್ಲವೆಂದು ಹೇಳಿದ ಕ್ಷಣದಲ್ಲಿ ಮಾತ್ರ ನಮ್ಮ ಏಕತ್ವವು ನಿಜವಾಗಿ ಮುರಿಯುತ್ತದೆ. ಬದಲಾಗಬಯಸುವವನು ನಿರ್ಭಯವಾಗಿ ಬದಲಾಗಲಿ; ತಾನು ಬಿಟ್ಟುಬಂದದ್ದು ಯಾರ ಅಂಗಳದಲ್ಲಿ ಬಿದ್ದಿದೆಯೆಂಬುದನ್ನು ಮೊದಲು ನೋಡಿ, ಅದನ್ನು ಸಲ್ಲಬೇಕಾದ ಕಡೆಗೆ ಸಲ್ಲಿಸಿ, ಆಮೇಲೆ ಮುಂದಿನ ದಾರಿಯನ್ನು ಹಿಡಿಯಲಿ.